ಪಿಡಿಎಫ್‌ಗೂ ಕಾದಂಬರಿಗೂ ಒಂದೇ ಇ-ರೀಡರ್ ಬೇಕು, 10.3 ಇಂಚು ಸಾಕಾ?

ಎ4 ಅಳತೆಯ ಪಿಡಿಎಫ್ ಓದೋಕಾದರೆ ಸಾಕಾಗಲ್ಲ. ನಾನೂ ಎರಡಕ್ಕೂ ಆಗಲಿ ಅಂತ 10.3 ಇಂಚಿನದನ್ನೇ ಕೊಂಡವನು. ಕೊಳ್ಳುವ ಮೊದಲು ಗೆಳೆಯನ ಹತ್ತಿರ ಇದ್ದದ್ದರಲ್ಲಿ ಒಂದು ಕಾದಂಬರಿ ಓದಿ ನೋಡಿದ್ದೆ. ಎಡವಿದ್ದೇ ಅಲ್ಲಿ.

ಆ ಕಾದಂಬರಿ ಇಪಬ್ ಫೈಲು. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ, ಪುಟ ಜಾಸ್ತಿಯಾಗುತ್ತದೆ ಅಷ್ಟೆ. ಅದು ಯಾವ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ನನ್ನ ದಿನನಿತ್ಯದ ಓದು ಬೇರೆ: ಎ4 ಪಿಡಿಎಫ್‌ಗಳು, ಅದರಲ್ಲೂ ಬಹುಪಾಲು ಸ್ಕ್ಯಾನ್ ಮಾಡಿದವು. ಅದರ ಒಂದೇ ಒಂದು ಪುಟವನ್ನೂ ಹಾಕಿ ನೋಡಲಿಲ್ಲ.

ಲೆಕ್ಕ ಸುಲಭ. 10.3 ಇಂಚಿನ ಪರದೆ ಹೆಚ್ಚುಕಡಿಮೆ ಎ5 ಹಾಳೆಯಷ್ಟು. ಎ4 ಪುಟ ಅದರೊಳಗೆ ಕೂರಬೇಕಾದರೆ ನೂರಕ್ಕೆ 70ರಷ್ಟಕ್ಕೆ ಕುಗ್ಗಬೇಕು. 10 ಪಾಯಿಂಟ್ ಅಕ್ಷರ 7 ಆಗುತ್ತದೆ, 8 ಪಾಯಿಂಟ್‌ನ ಅಡಿಟಿಪ್ಪಣಿ ಆರಕ್ಕೂ ಕೆಳಗೆ ಇಳಿಯುತ್ತದೆ. ಸ್ಕ್ಯಾನ್ ಪುಟದಲ್ಲಿ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಮಸಿಯ ಚುಕ್ಕೆಗಳಾಗಿಬಿಡುತ್ತವೆ. 300 ಪಿಪಿಐ (ಪರದೆಯ ಒಂದು ಇಂಚಿನಲ್ಲಿರುವ ಚುಕ್ಕೆಗಳ ಲೆಕ್ಕ) ಇದ್ದರೆ ಸರಿಹೋಗುತ್ತೆ ಅಂತ ಹೇಳುವವರಿದ್ದಾರೆ, ನಂಬಬೇಡಿ. ಅಕ್ಷರ ಚೂಪಾಗುತ್ತದೆ, ದೊಡ್ಡದಾಗಲ್ಲ.

ಜೂಮ್ ಮಾಡಬಹುದಲ್ವಾ ಅಂತೀರಿ. ಇ-ರೀಡರ್‌ಗಳಲ್ಲಿರುವ, ಕಾಗದದಂತೆ ಕಾಣುವ ಇ-ಇಂಕ್ ಪರದೆ ನಿಧಾನ. ಪುಟ ಅತ್ತಿತ್ತ ಸರಿಸಿದಾಗಲೆಲ್ಲ ಹಿಂದಿನ ಅಕ್ಷರಗಳ ಛಾಯೆ ಉಳಿದುಕೊಳ್ಳುತ್ತದೆ, ಓದುತ್ತಿದ್ದ ಸಾಲು ತಪ್ಪಿಹೋಗುತ್ತದೆ. ಎರಡು ಕಾಲಂ ಇರುವ ಪುಟವಾದರಂತೂ ಕೆಳಗಿಳಿದು ಮತ್ತೆ ಮೇಲೆ ಹತ್ತಬೇಕು. ಅಂಚು ಕತ್ತರಿಸುವ ಸೌಲಭ್ಯ ನಿಜಕ್ಕೂ ಒಳ್ಳೆಯದು. ಕಂಪ್ಯೂಟರಿನಲ್ಲೇ ತಯಾರಾದ, ಅಗಲ ಅಂಚಿನ ಪಿಡಿಎಫ್ ಆದರೆ ಅಷ್ಟರಿಂದಲೇ ಅಕ್ಷರ ಓದುವ ಅಳತೆಗೆ ಬರುತ್ತದೆ. ಆದರೆ ಸ್ಕ್ಯಾನ್‌ನಲ್ಲಿ ಬೈಂಡಿಂಗ್ ಹತ್ತಿರದ ಕಪ್ಪು ನೆರಳನ್ನೂ ಅದು ಅಕ್ಷರ ಅಂದುಕೊಳ್ಳುತ್ತದೆ, ಅಂಚು ಹಾಗೇ ಉಳಿಯುತ್ತದೆ.

ಆದ್ದರಿಂದ ಎರಡಕ್ಕೂ ಒಂದೇ ಸಾಧನ ಅನ್ನುವ ಆಸೆಯನ್ನೇ ಬಿಡಿ. ಕಾದಂಬರಿಗೆ 6 ಅಥವಾ 7 ಇಂಚು ಬೇಕಾದಷ್ಟಾಯಿತು, ಒಂದು ಕೈಯಲ್ಲಿ ಹಿಡಿದು ಮಲಗಿಕೊಂಡೇ ಓದಬಹುದು. ದಾಖಲೆಗಳಿಗೆ 13.3 ಇಂಚಿನದು. ಅದರಲ್ಲಿ ಎ4 ಪುಟ ನೂರಕ್ಕೆ 90ರಷ್ಟು ಅಳತೆಯಲ್ಲಿ ಕಾಣುತ್ತದೆ. ಹಲವು ಮಾದರಿಗಳು ಅರ್ಧ ಕಿಲೋ ದಾಟುತ್ತವೆ, ಮೇಜಿನ ಮೇಲಿಟ್ಟೇ ಓದಬೇಕು. ಎರಡಕ್ಕೂ ದುಡ್ಡು ಹೊಂದದಿದ್ದರೆ ದಾಖಲೆಗಳಿಗೇ ಖರ್ಚು ಮಾಡಿ, ಕಾದಂಬರಿ ಫೋನಿನಲ್ಲೂ ನಡೆಯುತ್ತದೆ. ಬಣ್ಣದ ಪರದೆ ಸುಮ್ನೆ ಬೇಡ. ಕೆಲಿಡೋ 3 ಬಗೆಯ ಪರದೆಯಲ್ಲಿ ಬಣ್ಣ ಬರೀ 150 ಪಿಪಿಐ, ಮೇಲಿನ ಬಣ್ಣದ ಪದರದಿಂದ ಹಿನ್ನೆಲೆಯೂ ಮಂಕಾಗುತ್ತದೆ. ನಕ್ಷೆ, ಚಾರ್ಟುಗಳೇ ನಿಮ್ಮ ಓದಾಗಿದ್ದರೆ ಮಾತ್ರ ಯೋಚಿಸಿ.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ಇರುವುದರಲ್ಲೇ ಅತಿ ಕೆಟ್ಟ ಸ್ಕ್ಯಾನ್‌ನ ನಾಲ್ಕೈದು ಪುಟ ಆರಿಸಿ. ಪ್ರಿಂಟ್ ಮಾಡುವಾಗ ಅಳತೆ 70 ಶೇಕಡಾ ಅಂತ ಕೊಡಿ, ಆಮೇಲೆ ಅದನ್ನೇ 90ಕ್ಕೆ ಕೊಡಿ. ಎರಡನ್ನೂ ಅಡಿಟಿಪ್ಪಣಿ ಸಮೇತ ಓದಿ. 70ರದ್ದು ಸಲೀಸಾಗಿ ಓದಲು ಬಂದರೆ ಧೈರ್ಯವಾಗಿ 10.3 ತೆಗೆದುಕೊಳ್ಳಿ.