ಗುರ್ ಅನ್ನುವ ನಾಯಿಯ ಬಾಯಿ ಮುಚ್ಚಿಸಬೇಡಿ

ಐದು ವರ್ಷದ ನಾಯಿ, ಬೇರೆ ನಾಯಿ ಕಂಡರೆ ಗುರ್ ಅನ್ನುತ್ತದೆ, ಗದರಿಸಿ ಸಾಕಾಯಿತು, ಪಾರ್ಕಿನಲ್ಲಿ ನಾಲ್ಕು ನಾಯಿಗಳ ನಡುವೆ ಬಿಟ್ಟರೆ ಸರಿಹೋದೀತಾ, ಎಲ್ಲ ನಾಯಿಗಳ ಜೊತೆ ಗೆಳೆತನ ಆದೀತಾ ಅಂತ ಕೇಳಿದ್ದೀರಿ. ಬಿಡಬೇಡಿ. ಗದರಿಸುವುದನ್ನೂ ಇವತ್ತೇ ನಿಲ್ಲಿಸಿ. ನಾನು ಗದರಿಸಿಯೇ ಕೆಟ್ಟವನು.

ನಮ್ಮ ರಾಜಾ ಮುಧೋಳ ನಾಯಿ. ಲೋಕಾಪುರದ ಹತ್ತಿರ ಸೋದರಮಾವನ ಹೊಲದಲ್ಲಿ ಬೆಳೆದವನು. ಮಾವ ಹೊಲ ಲಾವಣಿಗೆ ಕೊಟ್ಟು ಮಗನ ಮನೆಗೆ ಹೋದಾಗ ಅವನು ಧಾರವಾಡಕ್ಕೆ, ನಮ್ಮ ಮನೆಗೆ ಬಂದ. ಆಗ ನಾಲ್ಕು ವರ್ಷ. ಅಲ್ಲಿಯವರೆಗೆ ಅವನ ಪ್ರಪಂಚ ಅಂದರೆ ಜೋಳದ ರೊಟ್ಟಿ, ಎರಡು ಎತ್ತು, ಓಡಿದ್ದೆಲ್ಲದರ ಹಿಂದೆ ಓಡುವುದು. ಮರಿ 3ರಿಂದ 14 ವಾರದೊಳಗೆ ಏನೇನು ನೋಡುತ್ತದೋ ಹೆಚ್ಚಾಗಿ ಅದನ್ನೇ ಸಹಜ ಅಂದುಕೊಳ್ಳುತ್ತದೆ. ಇವನು ಆಗ ನೋಡಿದ್ದರಲ್ಲಿ ಬಿಳಿ ಪೊಮೆರೇನಿಯನ್ ಇರಲಿಲ್ಲ.

ನಮ್ಮ ಓಣಿಯಲ್ಲಿ ಇತ್ತು. ಪಕ್ಕದ ಮನೆ ಕಾಕು ಅವರದು.

ಅದನ್ನು ಕಂಡಾಗಲೆಲ್ಲ ರಾಜಾ ಗಂಟಲೊಳಗೇ ಗುರ್ ಅನ್ನುತ್ತಿದ್ದ. ನನಗೆ ನಾಚಿಕೆ. ಓಣಿಯವರು ಏನಂದಾರು ಅಂತ ಸರಪಳಿ ಜಗ್ಗಿ, ಮೂತಿಯ ಮೇಲೆ ಒಂದು ಏಟು ಹಾಕುತ್ತಿದ್ದೆ. ಎರಡು ತಿಂಗಳಲ್ಲಿ ಗುರ್ ನಿಂತಿತು. 'ನೋಡ್ರಿ, ಹ್ಯಾಂಗ್ ಕಲಿಸೀನಿ' ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ.

ನಾನು ಕಲಿಸಿದ್ದೇನು ಗೊತ್ತಾ? ಗುರ್ ಅನ್ನುವುದು ಜಗಳವಲ್ಲ. 'ದೂರ ಇರು, ನನಗೆ ಭಯ ಆಗ್ತಿದೆ' ಅನ್ನುವ ಮಾತು. ನಾನು ಮಾತನ್ನು ನಿಲ್ಲಿಸಿದೆ, ಭಯ ಅಲ್ಲೇ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಹೆಚ್ಚಾಯಿತು. ಯಾಕೆಂದರೆ ಬಿಳಿ ನಾಯಿ ಕಂಡಾಗಲೆಲ್ಲ ಕತ್ತು ಬಿಗಿಯುತ್ತದೆ, ಮೂತಿಗೆ ಏಟು ಬೀಳುತ್ತದೆ. ಅವನ ಲೆಕ್ಕದಲ್ಲಿ ಆ ಏಟು ತಂದದ್ದು ನಾನಲ್ಲ, ಆ ನಾಯಿ. ಮನೆಯ ಗಂಟೆ ಕಿರಿಕಿರಿ ಅಂತ ವೈರ್ ಕಿತ್ತುಹಾಕಿ, ಇನ್ನು ಯಾರೂ ಬರುವುದಿಲ್ಲ ಅಂದುಕೊಂಡ ಹಾಗಾಯಿತು ನನ್ನ ಕಥೆ.

ಒಂದು ಸಂಜೆ ಕಾಕು ಎದುರಾದರು. 'ನಿಮ್ಮ ನಾಯಿ ಏನೂ ಮಾಡಂಗಿಲ್ಲಲ್ಲಾ?' ಅಂದರು. 'ಈಗ ಭಾಳ ಶಾಣ್ಯಾ ಆಗ್ಯಾನ' ಅಂದೆ. ಪೊಮೆರೇನಿಯನ್ ನೇರ ಮುಖಕ್ಕೇ ಬಂತು. ರಾಜಾ ಕಲ್ಲಿನ ಹಾಗೆ ನಿಂತಿದ್ದ. ಬಾಯಿ ಮುಚ್ಚಿತ್ತು, ಕಣ್ಣಿನ ಬಿಳಿ ಭಾಗ ಕಾಣುತ್ತಿತ್ತು. ಸಮಾಧಾನದಿಂದ ನಿಂತಿದ್ದಾನೆ ಅಂತ ಭಾವಿಸಿ ನಾನು ಸರಪಳಿಯನ್ನು ಇನ್ನೊಂದು ಸುತ್ತು ಬಿಗಿ ಹಿಡಿದೆ. ಅವನಿಗೆ ಹಿಂದೆ ಸರಿಯಲೂ ಜಾಗ ಇರಲಿಲ್ಲ. ಸದ್ದೇ ಇಲ್ಲದೆ ಕಚ್ಚಿದ. ಅದರ ಕಿವಿ ಹರಿಯಿತು. ಬಿಡಿಸಲು ಕೈ ಹಾಕಿದ ನನಗೂ ಕಚ್ಚಿದ. ಸೋಪು ಹಚ್ಚಿ 15 ನಿಮಿಷ ನೀರು ಬಿಟ್ಟುಕೊಂಡು ತೊಳೆದು, ದವಾಖಾನೆಗೆ ಓಡಿ, 0, 3, 7, 14, 28ನೇ ದಿನ ಅಂತ ಐದು ಸೂಜಿ ಚುಚ್ಚಿಸಿಕೊಂಡೆ. ಕಾಕು ಒಂದು ವರ್ಷ ಮಾತಾಡಲಿಲ್ಲ. ಸರಿಯಾಗಿಯೇ ಮಾಡಿದರು.

ಆಮೇಲೆ ಮಾಡಿದ್ದು ಹೇಳುತ್ತೇನೆ. ಸರಪಳಿ ತೆಗೆದು ಎದೆಗೆ ಹಾಕುವ ಬೆಲ್ಟ್, ಉದ್ದದ ಹಗ್ಗ ತಂದೆ. ಬಾಯಿಗೆ ಬುಟ್ಟಿಯಂಥ ಮಝಲ್. ಬಟ್ಟೆಯದು ಬೇಡ, ಅದರಲ್ಲಿ ನಾಯಿ ನಾಲಗೆ ಚಾಚಿ ತೇಕಲು ಆಗುವುದಿಲ್ಲ. ಗೆಳೆಯನ ಮನೆಯಲ್ಲಿ ಒಂದು ಮುದಿ ನಾಯಿ ಇತ್ತು, ಪ್ರಪಂಚ ಮುಳುಗಿದರೂ ತಲೆ ಎತ್ತದಂಥದ್ದು. ಬೆಳಿಗ್ಗೆ ಕೆಲಗೇರಿ ಕಡೆಯ ರಸ್ತೆಯಲ್ಲಿ ಆ ಬದಿಗೆ ಅವರು, ಈ ಬದಿಗೆ ನಾವು, ಒಂದೇ ದಿಕ್ಕಿಗೆ ನಡೆಯುವುದು. ಎದುರುಬದುರು ಇಲ್ಲವೇ ಇಲ್ಲ. ಅವನು ಆ ನಾಯಿಯನ್ನು ನೋಡಿದ ಕೂಡಲೇ ಒಂದು ತುಣುಕು ಬೇಯಿಸಿದ ಮೊಟ್ಟೆ. ರೊಟ್ಟಿಗೆ ಅವನು ಕಿಮ್ಮತ್ತು ಕೊಡುತ್ತಿರಲಿಲ್ಲ. ನನ್ನ ಅಂಗಿಯ ಜೇಬಿನ ವಾಸನೆಗೆ ಹೆಂಡತಿ ಬೇರೆ ಬಕೆಟ್ ಇಟ್ಟಳು. ಮೊಟ್ಟೆ ತಿನ್ನದಷ್ಟು ಗಾಬರಿಯಾದರೆ ಹತ್ತಿರ ಆಯಿತು ಅಂತ ಅರ್ಥ, ದೂರ ಸರಿಯಬೇಕು. ನಾಲ್ಕು ತಿಂಗಳಾದ ಮೇಲೆ ಹಿಂದಿನಿಂದ ಮೂಸಲು ಬಿಟ್ಟೆ. ಮೂರು ಸೆಕೆಂಡು, ಸಾಕು, ಬಾ.

ನಿಮ್ಮ ನಾಯಿ ಈಚೆಗೆ ಹಠಾತ್ತನೆ ಹೀಗಾಗಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕೀಲು ನೋವು, ಕಿವಿ ನೋವು ಇದ್ದರೂ ಸಿಡುಕುತ್ತವೆ.

ಇನ್ನು 'ಎಲ್ಲ ನಾಯಿಗಳ ಜೊತೆ ಗೆಳೆತನ' ಅಂದಿರಲ್ಲ, ಅದು ಯಾಕೆ ಬೇಕು? ಬಸ್ಸಿನಲ್ಲಿ ಕೂತವರನ್ನೆಲ್ಲ ನೀವು ತಬ್ಬಿಕೊಳ್ಳುತ್ತೀರಾ? ಬೆಳೆದ ನಾಯಿಗೆ ಒಂದೆರಡು ಸ್ನೇಹಿತರು ಸಿಕ್ಕರೆ ಜಾಸ್ತಿಯೇ ಆಯಿತು. ಉಳಿದವನ್ನು ನೋಡಿಯೂ ನೋಡದ ಹಾಗೆ ದಾಟಿ ಹೋದರೆ ಸಾಲದೇ?

ರಾಜಾನಿಗೆ ಈಗ ಎಂಟು ವರ್ಷ. ಆ ಮುದಿ ನಾಯಿಯೊಂದೇ ಅವನ ಗೆಳೆಯ. ಗುರ್ ಅನ್ನುವುದು ವಾಪಸ್ ಬರಲು ಎಂಟು ತಿಂಗಳು ಹಿಡಿಯಿತು. ಈಗ ಕಾಕು ಅವರ ಪೊಮೆರೇನಿಯನ್ ಓಣಿಯ ತುದಿಯಲ್ಲಿ ಕಂಡರೆ ಮೆಲ್ಲಗೆ ಗುರ್ ಅನ್ನುತ್ತಾನೆ. 'ಹೂಂ, ಗೊತ್ತಾತು ನಡಿ' ಅಂತ ಮೊಟ್ಟೆ ಕೊಟ್ಟು ರಸ್ತೆ ದಾಟಿಸುತ್ತೇನೆ. ಕಾಕು ಆ ಕಡೆಯಿಂದಲೇ ಕೈ ಮಾಡುತ್ತಾರೆ.