ಕ್ಲಚ್ ಪ್ಲೇಟ್ ಯಾಕೆ ಸುಟ್ಟಿತು ಅಂತ ಗೊತ್ತಾಗದೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮುಚ್ಚಬೇಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಹಳೇ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸನ್ನ ಮನೇಲೇ ಬಿಚ್ಚಿ ಕಟ್ಟಬಹುದಾ ಅಂತ. ಹೋದ ತಿಂಗಳೂ ಇದೇ, ಅದರ ಹಿಂದಿನ ತಿಂಗಳೂ ಇದೇ. ಇಪ್ಪತ್ತು ನಿಮಿಷದ ವಿಡಿಯೋ ನೋಡಿ ಸ್ಪ್ಯಾನರ್ ಹಿಡ್ಕೊಂಡು ಕೂತಿರೋರಿಗೆ ಹೇಳ್ತೀನಿ, ಆ ವಿಡಿಯೋದಲ್ಲಿ ಎರಡು ದಿನದ ತೊಳೆಯೋ ಕೆಲಸ, ಅಳತೆ ತೆಗೆಯೋ ಕೆಲಸ ಎಲ್ಲ ಕತ್ತರಿಸಿ ಬಿಸಾಕಿರ್ತಾರೆ. ಜಾಕ್ ಸ್ಟ್ಯಾಂಡ್ ಎಲ್ಲಿ ಇಡೋದು, ಬ್ಯಾಟರಿ ಯಾಕೆ ಬಿಚ್ಚೋದು ಅಂತೆಲ್ಲ ನಾನು ಬರೆಯಲ್ಲ, ಅದು ಗೊತ್ತಿಲ್ಲ ಅಂದ್ರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಪ್ರಶ್ನೆ: ನನ್ನದು 2006ರ ಟೊಯೋಟಾ ಕೊರೊಲ್ಲಾ ಆಟೋಮ್ಯಾಟಿಕ್. ಬೆಳಿಗ್ಗೆ ಚೆನ್ನಾಗೇ ಓಡುತ್ತೆ, ಮೈಸೂರಿಂದ ಹೊರಟು ಮಂಡ್ಯ ದಾಟೋ ಹೊತ್ತಿಗೆ ಎರಡರಿಂದ ಮೂರನೇ ಗೇರ್‌ಗೆ ಬೀಳುವಾಗ ಆರ್‌ಪಿಎಂ ಸುಮ್ನೆ ಏರುತ್ತೆ, ಗಾಡಿ ಎಳೆಯಲ್ಲ. ಗ್ಯಾರೇಜಲ್ಲಿ ಲಕ್ಷದ ಹತ್ರ ಹೇಳಿದ್ರು. ಕ್ಲಚ್ ಪ್ಲೇಟ್ ಸೆಟ್ ತರಿಸಿಕೊಂಡ್ರೆ ಮನೆ ಪೋರ್ಟಿಕೋದಲ್ಲೇ ಹಾಕಬಹುದಾ?

ಬಿಡದೀಲಿ ಕಟ್ಟಿದ ಗಾಡಿ, ನಾಲ್ಕು ಗೇರಿನ ಸೀದಾ ಸಾದಾ ಬಾಕ್ಸು, ಮನೇಲಿ ಬಿಚ್ಚಿ ಕಲಿಯೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ, ಅದು ನಿಜ. ಆದ್ರೆ ನಿಮ್ಮ ಪ್ರಶ್ನೆ ಶುರುವಾಗಿರೋ ಜಾಗವೇ ತಪ್ಪು. ಪ್ಲೇಟ್ ಸೆಟ್ ತರಿಸ್ತೀನಿ ಅಂತೀರಲ್ಲ, ಈಗ ಇರೋ ಪ್ಲೇಟ್ ಯಾಕೆ ಹೋಯ್ತು? ಅದು ತಾನಾಗೇ ಸುಟ್ಟುಕೊಳ್ಳಲ್ಲ. ಎಣ್ಣೆ ಒತ್ತಡ ಸಾಕಷ್ಟು ಸಿಗದೆ ಪ್ಲೇಟುಗಳು ಗಟ್ಟಿಯಾಗಿ ಹಿಡಿಯಲಿಲ್ಲ, ಜಾರಿದವು, ಜಾರಿ ಜಾರಿ ಸುಟ್ಟವು. ಆ ಒತ್ತಡ ಎಲ್ಲಿ ಸೋರ್ತಾ ಇದೆ ಅಂತ ಕಂಡುಹಿಡಿಯದೆ ಹೊಸ ಪ್ಲೇಟ್ ಹಾಕಿದ್ರೆ ಅದನ್ನೂ ಸುಡ್ತೀರ. ನನ್ನ ಹತ್ರ ಹೀಗೆ ಎರಡನೇ ಸಲ ಬಿಚ್ಚೋಕೆ ಬರೋ ಬಾಕ್ಸುಗಳಲ್ಲಿ ಪ್ಲೇಟ್ ಹೊಸದೇ ಇರುತ್ತೆ, ಅಂಗಡಿಯವರ ಮಾರ್ಕ್ ಕೂಡ ಅಳಿಸಿರಲ್ಲ, ಆದ್ರೂ ಕಪ್ಪಗೆ ಸೀದು ಹೋಗಿರುತ್ತೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ನೀವೇ ಒಂದು ಸುಳಿವು ಕೊಟ್ಟಿದೀರ, ತಣ್ಣಗಿದ್ದಾಗ ಸರಿ, ಬಿಸಿ ಆದ್ಮೇಲೆ ಜಾರುತ್ತೆ. ತಣ್ಣಗಿರೋ ಎಣ್ಣೆ ಮಂದ, ಸಣ್ಣ ಸಂದಿಯಲ್ಲಿ ಬೇಗ ಸೋರಲ್ಲ. ಬಿಸಿಯಾದ್ರೆ ನೀರಾಗುತ್ತೆ, ಗಟ್ಟಿಯಾದ ಸೀಲ್ ಪಕ್ಕದಿಂದ ಹರಿದು ಹೋಗುತ್ತೆ. ಹಾಗಾಗಿ ನನಗೆ ಮೊದಲ ಅನುಮಾನ ಮೂರನೇ ಗೇರಲ್ಲಿ ಹಿಡಿಯೋ ಡೈರೆಕ್ಟ್ ಕ್ಲಚ್ಚಿನ ಪಿಸ್ಟನ್ ಸೀಲ್ ಮೇಲೆ, ಅಂದ್ರೆ ಎಣ್ಣೆ ಒತ್ತಡದಿಂದ ಪ್ಲೇಟುಗಳನ್ನ ಒತ್ತೋ ಪಿಸ್ಟನ್ನಿನ ರಬ್ಬರ್ ಮೇಲೆ. ಅನುಮಾನ ಅಂದೆ, ತೀರ್ಪು ಅಲ್ಲ. ಬಾಕ್ಸ್ ಇಳಿಸೋಕೆ ಮುಂಚೆ ಎಣ್ಣೆ ನೋಡಿ. ಡಿಪ್‌ಸ್ಟಿಕ್ ತೆಗೆದು ಬಿಳೀ ಟಿಶ್ಯೂ ಮೇಲೆ ಒಂದು ಹನಿ ಬಿಡಿ, ಕೆಂಪಗೆ ಹರಡಿದ್ರೆ ಸರಿ, ಮಧ್ಯದಲ್ಲಿ ಕಪ್ಪು ಪುಡಿ ಕೂತು ತಳ ಹತ್ತಿದ ವಾಸನೆ ಬಂದ್ರೆ ಪ್ಲೇಟ್ ಹೋಗಿದೆ. ಸ್ಕ್ಯಾನರ್ ಹಾಕಿ ಕೋಡ್ ಓದಿ. ಶಿಫ್ಟ್ ಸಾಲಿನಾಯ್ಡ್‌ಗಳಿಗೆ, ಅಂದ್ರೆ ಗೇರ್ ಬದಲಿಸೋ ಕರೆಂಟ್ ವಾಲ್ವ್‌ಗಳಿಗೆ, ಮೀಟರ್ ಇಡಿ, ಟೊಯೋಟಾದಲ್ಲಿ ಅದು 11ರಿಂದ 15 ಓಮ್ ತೋರಿಸ್ಬೇಕು. ಬಾಕ್ಸಿನ ಪಕ್ಕದಲ್ಲಿ ಲೈನ್ ಪ್ರೆಷರ್ ನೋಡೋಕೆ ಒಂದು ಪ್ಲಗ್ ಇರುತ್ತೆ, ಅದಕ್ಕೆ ಗೇಜ್ ಹಾಕಿ ಎಣ್ಣೆ ಬಿಸಿ ಇದ್ದಾಗ ಒತ್ತಡ ಎಷ್ಟಿದೆ ಬರೆದಿಡಿ. ಎಲ್ಲಾ ಗೇರಲ್ಲೂ ಕಮ್ಮಿ ಇದ್ರೆ ಪಂಪ್, ಫಿಲ್ಟರ್, ರೆಗ್ಯುಲೇಟರ್ ವಾಲ್ವ್ ಕಡೆ ನೋಡ್ಬೇಕು, ಒತ್ತಡ ಸರಿ ಇದ್ದೂ ಮೂರನೇ ಗೇರ್ ಮಾತ್ರ ಜಾರಿದ್ರೆ ಆ ಕ್ಲಚ್ಚಿನ ದಾರಿಯಲ್ಲೇ ಸೋರಿಕೆ. ಈ ಅರ್ಧ ದಿನದ ಕೆಲಸ ಮಾಡದೆ ಬಾಕ್ಸ್ ಇಳಿಸೋರ ಮೇಲೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಯಾಕಂದ್ರೆ ಒಂದು ಸಲ ಬಿಚ್ಚಿದ್ಮೇಲೆ ಆ ಸುಳಿವೆಲ್ಲ ಎಣ್ಣೆ ಜೊತೆ ಚರಂಡಿಗೆ ಹೋಗುತ್ತೆ.

ಇಳಿಸೋದು ಹೇಗೆ ಅನ್ನೋದು ರಿಪೇರಿ ಮ್ಯಾನ್ಯುಯಲ್‌ನಲ್ಲಿದೆ, ಓದಿ. ಇಂಜಿನ್ನನ್ನ ಮೇಲಿಂದ ತೂಗು ಹಾಕೋ ಬಾರ್ ಬೇಕು, ಗೇರ್‌ಬಾಕ್ಸ್ ಜಾಕ್ ಬೇಕು, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತೀನ ಎಣ್ಣೆ ಮೂಲಕ ಬಾಕ್ಸಿಗೆ ದಾಟಿಸೋ ದುಂಡನೆ ಡಬ್ಬಿ) ಸೇರಿ ಐವತ್ತು ಕೆಜಿಗಿಂತ ಜಾಸ್ತಿ ತೂಕ, ಎದೆ ಮೇಲೆ ಇಳಿಸ್ಕೋತೀನಿ ಅನ್ನೋ ಧೈರ್ಯ ಬೇಡ. ಕನ್ವರ್ಟರ್ ಎಳೆಯೋಕೆ ಮುಂಚೆ ಬೆಲ್ ಹೌಸಿಂಗ್ (ಬಾಕ್ಸು ಇಂಜಿನ್ನಿಗೆ ಸೇರೋ ಅಗಲ ಬಾಯಿ) ಮೇಲೆ ಒಂದು ನೇರ ಪಟ್ಟಿ ಇಟ್ಟು ಕನ್ವರ್ಟರ್ ಎಷ್ಟು ಒಳಗಿದೆ ಅಂತ ಅಳೆದು ಬರೆದಿಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಬಿಚ್ಚೋ ಜಾಗ ಪೋರ್ಟಿಕೋ ಬೇಡ. ರಸ್ತೆ ಧೂಳು, ಎದುರು ಮನೆ ಕಟ್ಟಡದ ಎಂ-ಸ್ಯಾಂಡ್, ಎಣ್ಣೇನ ಯಾವ ಕ್ಲಚ್ಚಿಗೆ ಕಳಿಸೋದು ಅಂತ ನೋಡ್ಕೊಳೋ ವಾಲ್ವ್ ಬಾಡಿಗೆ ಒಂದು ಕಣ ಬಿದ್ರೆ ವಾಲ್ವ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಒಳಗಿನ ರೂಮು, ಫ್ಯಾನ್ ಆಫ್, ಟೇಬಲ್ ಮೇಲೆ ಸ್ಟೀಲ್ ತಟ್ಟೆಗಳು. ಬನಿಯನ್ ವೇಸ್ಟಲ್ಲಿ ಒರೆಸಬೇಡಿ, ಅದರ ನೂಲು ಫಿಲ್ಟರಿಗೆ ಹೋಗಿ ಕೂರುತ್ತೆ, ನೂಲು ಬಿಡದ ಬಟ್ಟೆ ಅಥವಾ ಗಾಳಿ ಅಷ್ಟೇ. ಗ್ರೀಸ್ ಕೂಡ ಬೇಡ, ಥ್ರಸ್ಟ್ ವಾಷರ್, ಚೆಕ್ ಬಾಲ್ (ವಾಲ್ವ್ ಬಾಡಿಯ ಸಣ್ಣ ಗುಂಡುಗಳು) ಅಂಟಿಸಿ ನಿಲ್ಲಿಸೋಕೆ ಪೆಟ್ರೋಲಿಯಂ ಜೆಲ್ಲಿ ಸಾಕು, ಅದು ಎಣ್ಣೇಲಿ ಕರಗುತ್ತೆ, ಗ್ರೀಸ್ ಕರಗಲ್ಲ. ಕ್ಲಚ್ ಪ್ಲೇಟುಗಳು ಕೂತಿರೋ ಡ್ರಮ್‌ಗಳನ್ನ ಒಂದೊಂದಾಗಿ ಬಿಚ್ಚಿ, ತೊಳೆದು, ಕಟ್ಟಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಬಿಚ್ಚಿದೋರು ಸಾಯಂಕಾಲ ನನಗೆ ಫೋಟೋ ಕಳಿಸ್ತಾರೆ.

ಪಿಸ್ಟನ್ ಹೊರಗೆ ತೆಗೆಯೋಕೆ ರಿಟರ್ನ್ ಸ್ಪ್ರಿಂಗ್ ಒತ್ತಿ ಹಿಡಿದು ಸರ್ಕ್ಲಿಪ್ ಬಿಡಿಸ್ಬೇಕು. ಇದಕ್ಕೆ ಕಂಪ್ರೆಸರ್ ಟೂಲ್ ಇಲ್ದೆ ಇಬ್ಬರು ಸ್ಕ್ರೂಡ್ರೈವರ್ ಹಿಡ್ಕೊಂಡು ಒತ್ತೋದನ್ನ ನೋಡಿದೀನಿ, ಸ್ಪ್ರಿಂಗ್ ಹಾರಿದ್ರೆ ಸೀದಾ ಮುಖಕ್ಕೇ. ಕನ್ನಡಕ ಹಾಕ್ಕೊಳಿ, ಇದರಲ್ಲಿ ವಾದ ಬೇಡ.

ಈಗ ಅಸಲು ವಿಷಯ. ಹಳೇ ಸೀಲ್ ಕೈಲಿ ಹಿಡಿದು ಬಗ್ಗಿಸಿ. ಚೆನ್ನಾಗಿರೋದು ರಬ್ಬರ್ ಬಳೆ ಥರ ಮಡಚಿ ಮತ್ತೆ ದುಂಡಗಾಗುತ್ತೆ, ಬೆಂದು ಹೋಗಿರೋದು ಹಪ್ಪಳದ ಥರ ಪಟ್ ಅಂತ ಮುರಿಯುತ್ತೆ. ಮುರಿದ್ರೆ ನಿಮ್ಮ ಕಳ್ಳ ಸಿಕ್ಕ ಹಾಗೆ, ಆದ್ರೆ ಒಬ್ಬನೇ ಇದಾನೆ ಅಂದ್ಕೋಬೇಡಿ. ಶಾಫ್ಟ್ ಮೇಲಿನ ಸೀಲಿಂಗ್ ರಿಂಗ್ ಉಜ್ಜೋ ಜಾಗದಲ್ಲಿ ಡ್ರಮ್ ಒಳಗೆ ಉಗುರು ಎಳೆದು ನೋಡಿ, ಉಗುರು ಸಿಕ್ಕಿಕೊಂಡ್ರೆ ಅಲ್ಲಿ ಗೀರು ಬಿದ್ದಿದೆ, ಹೊಸ ರಿಂಗ್ ಹಾಕಿದ್ರೂ ಸೋರುತ್ತೆ, ಡ್ರಮ್ ಬದಲಿಸ್ಬೇಕು. ಕೆಲವು ಬಾಕ್ಸಲ್ಲಿ ರಬ್ಬರ್ ಪಿಸ್ಟನ್‌ಗೇ ಅಂಟಿ ಬಂದಿರುತ್ತೆ, ಆಗ ಪಿಸ್ಟನ್ನೇ ಹೊಸದು. ಹಾಗಾಗಿ ಬರೀ ಪ್ಲೇಟ್ ಸೆಟ್ ತರಿಸೋದು ದಂಡ, ಸೀಲು ಗ್ಯಾಸ್ಕೆಟ್ಟು ಪ್ಲೇಟು ಎಲ್ಲ ಸೇರಿರೋ ಮಾಸ್ಟರ್ ಕಿಟ್ಟೇ ತರಿಸಿ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಕೇಳಿದ್ರೆ ಅಂಗಡಿಯವರು ಗಾಡಿ ಹೆಸರು ಕೇಳ್ತಾರೆ, ಬಾಕ್ಸಿನ ಮಾಡೆಲ್ ನಂಬರ್ ಹೇಳಿ, ಕಾರಿನ ಹೆಸರು ಒಂದೇ ಇದ್ರೂ ಬಾಕ್ಸ್ ಬೇರೆ ಇರಬಹುದು.

ಹೊಸ ಫ್ರಿಕ್ಷನ್ ಪ್ಲೇಟನ್ನ ಒಣಗಿದ್ದೇ ಹಾಕಬೇಡಿ, ಎಟಿಎಫ್‌ನಲ್ಲಿ, ಅಂದ್ರೆ ಆಟೋಮ್ಯಾಟಿಕ್ ಬಾಕ್ಸಿನ ಎಣ್ಣೇಲಿ, ನೆನೆಸಿ, ನಾನು ಅರ್ಧ ಗಂಟೆಗಿಂತ ಕಮ್ಮಿ ಬಿಡಲ್ಲ. ಜೋಡಿಸಿದ್ಮೇಲೆ ಸರ್ಕ್ಲಿಪ್ ಹಾಕಿ ಪ್ಲೇಟ್ ಪ್ಯಾಕಿನ ಕ್ಲಿಯರೆನ್ಸ್ (ಉಳಿದಿರೋ ಸಂದಿ) ಅಳೀರಿ, ಒಂದು ಮಿಲಿಮೀಟರ್ ಆಸುಪಾಸಿನ ಲೆಕ್ಕ, ಸರಿಯಾದ ಸಂಖ್ಯೆ ಆ ಬಾಕ್ಸಿನ ಮ್ಯಾನ್ಯುಯಲ್‌ನಲ್ಲಿ ಮಾತ್ರ ಇರುತ್ತೆ, ಅದನ್ನ ನನ್ನ ಬಾಯಿಂದಲೂ ನಂಬಬೇಡಿ. ಜಾಸ್ತಿ ಇದ್ರೆ ಪಿಸ್ಟನ್ ದೂರ ಓಡಿ ತಡವಾಗಿ ಹಿಡಿಯುತ್ತೆ, ಕಮ್ಮಿ ಇದ್ರೆ ಬಿಟ್ಟಾಗಲೂ ಉಜ್ಜಿಕೊಂಡೇ ಇರುತ್ತೆ. ಸರಿ ಮಾಡೋಕೆ ಬೇರೆ ಬೇರೆ ದಪ್ಪದ ಪ್ಲೇಟ್ ಅಥವಾ ಸರ್ಕ್ಲಿಪ್ ಸಿಗುತ್ತೆ.

ಆಮೇಲೆ ಮನೇಲಿ ಮಾಡೋರು ಬಿಟ್ಟೇಬಿಡೋ ಕೆಲಸ, ಗಾಳಿ ಪರೀಕ್ಷೆ. ವಾಲ್ವ್ ಬಾಡಿ ಕೂರಿಸೋಕೆ ಮುಂಚೆ ಆ ಕ್ಲಚ್ಚಿನ ಎಣ್ಣೆ ರಂಧ್ರಕ್ಕೆ ಗಾಳಿ ಕೊಡಿ, 30–40 ಪಿಎಸ್‌ಐ ಸಾಕು, ಪಂಚರ್ ಅಂಗಡಿ ಪೂರ್ತಿ ಒತ್ತಡ ಬಿಡಬೇಡಿ. ಒಳಗಿಂದ ದಬ್ ಅಂತ ಒಂದೇ ಗಟ್ಟಿ ಸದ್ದು ಬರ್ಬೇಕು, ಗಾಳಿ ನಿಲ್ಲಿಸಿದ್ರೆ ವಾಪಸ್ ಬಿಟ್ಟ ಸದ್ದು. ದಬ್ ಅನ್ನದೆ ಬರೀ ಸುಸ್ಸ್ ಅಂತಿದ್ರೆ ಹೊಸ ಸೀಲಿನ ತುಟಿ ಒಳಗೆ ಹಾಕುವಾಗ ಮಡಚಿದೆ ಅಥವಾ ಕತ್ತರಿಸಿದೆ. ಬೇಜಾರಾದ್ರೂ ಮತ್ತೆ ಬಿಚ್ಚಿ. ಇಲ್ಲಿ ಒಂದು ಗಂಟೆ, ಆಮೇಲಾದ್ರೆ ಒಂದು ವಾರ.

ಎರಡು ಸಾಮಾನು ನಿಮ್ಮ ಕೈಲಿ ಆಗಲ್ಲ. ಟಾರ್ಕ್ ಕನ್ವರ್ಟರ್ ಬೆಸುಗೆ ಹಾಕಿ ಮುಚ್ಚಿರೋ ಡಬ್ಬಿ, ಲೇತಲ್ಲಿ ಕತ್ತರಿಸಿ ಒಳಗೆ ತೊಳೆದು ಮತ್ತೆ ಬೆಸುಗೆ ಹಾಕಿ ಬ್ಯಾಲೆನ್ಸ್ ಮಾಡ್ಬೇಕು, ಅದನ್ನ ಮಾಡೋ ಜಾಗಕ್ಕೆ ಕೊಡಿ ಇಲ್ಲ ಬದಲಿಸಿ. ಇನ್ನೊಂದು ರೇಡಿಯೇಟರ್ ಒಳಗಿರೋ ಎಣ್ಣೆ ಕೂಲರ್, ಸುಟ್ಟ ಪ್ಲೇಟಿನ ಪುಡಿ ಅಲ್ಲಿ ಕೂತಿರುತ್ತೆ, ಸರಿಯಾಗಿ ಫ್ಲಶ್ ಆಗದಿದ್ರೆ ಹೊಸ ಬಾಕ್ಸಿಗೆ ಮೊದಲ ದಿನವೇ ಹಳೇ ಕಸ ಬಂದು ಬೀಳುತ್ತೆ.

ಕೊನೇದು ಕನ್ವರ್ಟರ್ ಕೂರಿಸೋದು. ನಾನು ಕೆಲಸ ಕಲಿಯೋ ಕಾಲದಲ್ಲಿ ಇಲ್ಲೇ ಎಡವಿದ್ದು, ರಾತ್ರಿ ಹತ್ತು ಗಂಟೆ, ಮುಗಿಸೋ ಆತುರ, ಬಾಕ್ಸಿಗೂ ಇಂಜಿನ್ನಿಗೂ ಮಧ್ಯೆ ಬೆರಳಷ್ಟು ಸಂದಿ ಉಳಿದಿತ್ತು, ಬೋಲ್ಟ್ ಟೈಟ್ ಮಾಡಿ ಎಳೆದೆ, ಸಂದಿ ಮುಚ್ಚಿತು, ಸ್ಟಾರ್ಟ್ ಮಾಡಿದ್ರೆ ಪಂಪ್ ಚೂರು. ಆ ಸದ್ದು ಈಗಲೂ ಕಿವೀಲಿದೆ. ಬಾಕ್ಸನ್ನ ನಿಲ್ಲಿಸಿ, ಕನ್ವರ್ಟರನ್ನ ಎರಡೂ ಕೈಲಿ ಹಿಡಿದು ನಿಧಾನಕ್ಕೆ ತಿರುಗಿಸ್ತಾ ಒಳಗೆ ಬಿಡಿ. ಮೊದಲು ಶಾಫ್ಟಿನ ಒಂದು ಸ್ಪ್ಲೈನ್ (ಹಲ್ಲುಗಳ ಸಾಲು), ಕಟಕ್. ಆಮೇಲೆ ಎರಡನೇದು, ಕಟಕ್. ಇಲ್ಲಿಗೆ ಆಯ್ತು ಅಂತ ಎಲ್ರೂ ನಿಲ್ಲಿಸ್ತಾರೆ. ಇನ್ನೂ ತಿರುಗಿಸಿ, ಪಂಪ್ ಗೇರಿಗೆ ಸಿಕ್ಕಿ ಮೂರನೇ ಸಲ ಕೆಳಗೆ ಇಳಿಯುತ್ತೆ. ಆಗ ಮೊದಲು ಬರೆದಿಟ್ಟ ಅಳತೆಗೆ ಹೋಲಿಸಿ. ಇಂಜಿನ್ನಿಗೆ ಸೇರಿಸುವಾಗ ಬೆಲ್ ಹೌಸಿಂಗ್ ಕೈಯಲ್ಲೇ ತಾಗಿ ಕೂರ್ಬೇಕು, ಕೂತ ಮೇಲೂ ಕನ್ವರ್ಟರ್ ಒಳಗೆ ಸುಲಭವಾಗಿ ತಿರುಗ್ಬೇಕು. ಬೋಲ್ಟಿಂದ ಎಳೆಯೋ ಪರಿಸ್ಥಿತಿ ಬಂತು ಅಂದ್ರೆ ಸ್ಪ್ಯಾನರ್ ಕೆಳಗಿಡಿ.

ಆ ಕಾಲದ ಕೊರೊಲ್ಲಾಗೆ ಟೈಪ್ ಟಿ-4 ಎಣ್ಣೆ. ಮೊದಲು ಓಡಿಸುವಾಗ ಮನೆ ಸುತ್ತಮುತ್ತ ಓಡಿಸಿ, ಮಂಡ್ಯಕ್ಕೆ ಹೋಗಬೇಡಿ. 500 ಕಿಲೋಮೀಟರ್ ಆದ್ಮೇಲೆ ಬಾಕ್ಸಿನ ಕೆಳಗಿನ ಎಣ್ಣೆ ಪ್ಯಾನ್ ಬಿಚ್ಚಿ ಅದರೊಳಗಿನ ಮ್ಯಾಗ್ನೆಟ್ ನೋಡಿ, ಬೂದು ಬಣ್ಣದ ನುಣ್ಣನೆ ಲೇಪ ಇದ್ರೆ ಸಹಜ, ಚುಚ್ಚೋ ಚೂರುಗಳಿದ್ರೆ ನನಗೆ ಬರೀರಿ.

ಪ್ರಶ್ನೆ: ಲಕ್ಷ ಕಿಲೋಮೀಟರ್ ಆಗಿದೆ, ಒಂದ್ಸಲವೂ ಗೇರ್ ಆಯಿಲ್ ಬದಲಿಸಿಲ್ಲ. ಈಗ ಬದಲಿಸಿದ್ರೆ ಬಾಕ್ಸ್ ಹೋಗುತ್ತೆ ಅಂತಾರೆ, ನಿಜಾನಾ?

ಆಯಿಲ್ ಬದಲಿಸಿದ್ದಕ್ಕೆ ಚೆನ್ನಾಗಿರೋ ಬಾಕ್ಸ್ ಸಾಯಲ್ಲ. ಆಗಲೇ ಜಾರ್ತಾ ಇರೋ ಬಾಕ್ಸಿಗೆ ಕೊನೇ ಆಸೆ ಅಂತ ಆಯಿಲ್ ಬದಲಿಸ್ತಾರೆ, ಮಾರನೇ ವಾರ ಅದು ನಿಲ್ಲುತ್ತೆ, ಬೈಗುಳ ಆಯಿಲ್‌ಗೆ. ಜಾರದೆ ಓಡ್ತಾ ಇದ್ರೆ ಧೈರ್ಯವಾಗಿ ಡ್ರೈನ್ ಮಾಡಿ ತುಂಬಿ. ಒಂದು ಸಲಕ್ಕೆ ಅರ್ಧಕ್ಕಿಂತ ಕಮ್ಮಿ ಎಣ್ಣೆ ಹೊರಗೆ ಬರುತ್ತೆ, ಉಳಿದಿದ್ದು ಕನ್ವರ್ಟರಲ್ಲೇ ಇರುತ್ತೆ, ಹಾಗಾಗಿ ಸಾವಿರ ಕಿಲೋಮೀಟರ್ ಬಿಟ್ಟು ಇನ್ನೆರಡು ಸಲ ಮಾಡಿ. ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆದು ಕೊಡ್ತೀನಿ ಅನ್ನೋ ಗ್ಯಾರೇಜಿಂದ ಗಾಡಿ ವಾಪಸ್ ತಗೊಂಡು ಬನ್ನಿ. 'ಎಣ್ಣೆ ತೆಳ್ಳಗಿದೆ, ಅದಕ್ಕೇ ಜಾರುತ್ತೆ' ಅಂತ 90 ನಂಬರ್ ಗೇರ್ ಆಯಿಲ್ ಸುರಿಯೋರೂ ಇದಾರೆ, ಇವರ ಕೈಗೆ ಸಿಕ್ಕ ಬಾಕ್ಸ್ ರಿಪೇರಿಗೂ ಉಳಿಯಲ್ಲ.

ಪ್ರಶ್ನೆ: ಜಾರೋದು ನಿಲ್ಲಿಸೋ ಬಾಟಲಿ ಸಿಗುತ್ತಲ್ಲ, ಹಾಕಲಾ?

ಬೇಡ.

ಪ್ರಶ್ನೆ: ನನ್ನದು ಸೆಲೇರಿಯೋ ಎಎಂಟಿ, ಆಟೋಮ್ಯಾಟಿಕ್ ಕಿಟ್ ಹಾಕಿ ಓವರ್‌ಹಾಲ್ ಮಾಡಬಹುದಾ?

ಅದು ಮ್ಯಾನ್ಯುಯಲ್ ಬಾಕ್ಸು, ಕ್ಲಚ್ಚು ಗೇರು ಒತ್ತೋಕೆ ಯಂತ್ರ ಇಟ್ಟಿದಾರೆ ಅಷ್ಟೇ. ಈ ಕಿಟ್ಟಿಗೂ ಅದಕ್ಕೂ ಸಂಬಂಧ ಇಲ್ಲ, ಮಾಮೂಲಿ ಕ್ಲಚ್ ಪ್ಲೇಟ್ ನೋಡಿಸಿ.

ಪ್ರಶ್ನೆ: ಶಿರಾಡಿ ಘಾಟ್ ಇಳಿಯುವಾಗ ಎನ್‌ಗೆ (ನ್ಯೂಟ್ರಲ್) ಹಾಕಿದ್ರೆ ಪೆಟ್ರೋಲ್ ಉಳಿಯುತ್ತಾ?

ಇಂಜಿನ್ ಹಿಡಿತ ಹೋಗಿ ಬ್ರೇಕ್ ಕಾಯುತ್ತೆ. ಪಂಪ್ ಐಡಲ್‌ನಲ್ಲಿ ತಿರುಗ್ತಾ ಇದ್ರೆ ಒಳಗೆ ಗೇರುಗಳು ಜೋರಾಗಿ ಸುತ್ತುತ್ತಾ ಇರ್ತವೆ, ಅವಕ್ಕೆ ಎಣ್ಣೆ ಸಾಲಲ್ಲ. ಕೆಳಗಿನ ಗೇರಿಗೆ ಹಾಕಿ ಇಳೀರಿ. ಇದೇ ಕಾರಣಕ್ಕೆ, ಕೆಟ್ಟ ಆಟೋಮ್ಯಾಟಿಕ್ ಗಾಡಿಯನ್ನ ಹಗ್ಗ ಕಟ್ಟಿ ಎಳೆಸಬೇಡಿ, ಇಂಜಿನ್ ನಿಂತಿದ್ರೆ ಪಂಪೂ ನಿಂತಿರುತ್ತೆ, ಫ್ಲಾಟ್‌ಬೆಡ್ ಕರೆಸಿ.

ಪ್ರಶ್ನೆ: 2022ರ ಸೆಪ್ಟೆಂಬರ್ ಮಳೇಲಿ ಬೆಳ್ಳಂದೂರಲ್ಲಿ ಮುಳುಗಿದ್ದ ಕಾರು ಕಮ್ಮಿಗೆ ಸಿಗ್ತಾ ಇದೆ, ಆಟೋಮ್ಯಾಟಿಕ್, ತಗೋಬಹುದಾ?

ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಎಣ್ಣೆ ರೋಸ್ ಮಿಲ್ಕ್ ಥರ ಇದ್ರೆ ನೀರು ಸೇರಿದೆ, ಪ್ಲೇಟಿನ ಲೈನಿಂಗ್ ಅಂಟು ಬಿಟ್ಟು ಬರುತ್ತೆ. ಈಗ ಎಣ್ಣೆ ಕೆಂಪಗಿದೆ ಅಂದ್ರೂ ಮಾರೋಕೆ ಮುಂಚೆ ಬದಲಿಸಿರ್ತಾರೆ. ನಾನಾದ್ರೆ ತಗೊಳಲ್ಲ.

ಪ್ರಶ್ನೆ: ವಾಲ್ವ್ ಬಾಡಿ ಎತ್ತಿದ ತಕ್ಷಣ ನಾಲ್ಕು ಸಣ್ಣ ಗುಂಡುಗಳು ತಟ್ಟೆಗೆ ಬಿದ್ದವು, ಎಲ್ಲಿಂದ ಬಿದ್ದವು ಗೊತ್ತಿಲ್ಲ. ಫೋಟೋ ಕಳಿಸಿದೀನಿ, ಅಂದಾಜಲ್ಲಿ ಹೇಳ್ತೀರಾ ಸರ್?

ಅಂದಾಜಲ್ಲಿ ಹೇಳಲ್ಲ. ವಾಲ್ವ್ ಬಾಡಿ ಮಧ್ಯೆ ಇರೋ ತೆಳು ಸೆಪರೇಟರ್ ಪ್ಲೇಟ್ ತೆಗೆದು, ಒರೆಸಿ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡೀರಿ. ವರ್ಷಗಟ್ಟಲೆ ಗುಂಡು ಬಡಿದಿರೋ ರಂಧ್ರದ ಸುತ್ತ ಹೊಳೆಯೋ ಉಂಗುರದ ಗುರುತು ಬಿದ್ದಿರುತ್ತೆ, ಉಳಿದ ರಂಧ್ರಗಳಲ್ಲಿ ಇರಲ್ಲ. ನಾಲ್ಕು ಉಂಗುರ ಸಿಗ್ಬೇಕು. ಅದನ್ನ ಮ್ಯಾನ್ಯುಯಲ್‌ನ ಚಿತ್ರದ ಜೊತೆ ತಾಳೆ ನೋಡಿ. ಗುಂಡುಗಳು ಎಲ್ಲ ಒಂದೇ ಅಳತೇನಾ, ರಬ್ಬರಿಂದೋ ಸ್ಟೀಲಿಂದೋ ಅನ್ನೋದನ್ನೂ ನೋಡಿ, ಕ್ಯಾಲಿಪರಲ್ಲಿ ಅಳೀರಿ. ಗುರುತು ಮೂರೇ ಸಿಕ್ಕಿದ್ರೆ ಮುಚ್ಚಬೇಡಿ, ಪ್ಲೇಟಿನ ಎರಡೂ ಕಡೆ ಫೋಟೋ ತೆಗೆದು ಕಳಿಸಿ.