ಕಿಟಕಿಯ ಗಾಜಿನಲ್ಲಿ ಬೆಳೆಯುವ ಹಿಮದೆಲೆಗಳು

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಚಳಿಗಾಲದಲ್ಲಿ ಅಮೆರಿಕದ ಮಿನ್ನೆಸೋಟಾಕ್ಕೆ ಹೋಗಿದ್ದೆ. ಆ ಹಳೆಯ ಮನೆಯ ಅಟ್ಟದ ಕಿಟಕಿಯಲ್ಲಿ ಬೆಳಗಾಗುವಷ್ಟರಲ್ಲಿ ಜರಿಗಿಡದ ಎಲೆಗಳಂಥ ಬಿಳಿ ಚಿತ್ತಾರ ಮೂಡಿರುತ್ತಿತ್ತು. ಮುಂಬಾಗಿಲಿನ ಗಾಜಿನಲ್ಲೂ ಅಂಥದ್ದೇ ಚಿತ್ತಾರವಿದೆ. ಅದು ಕರಗುವುದೇ ಇಲ್ಲ. ಇವೆರಡೂ ಹೇಗೆ ಉಂಟಾಗುತ್ತವೆ?
– ಓದುಗರೊಬ್ಬರು, ಸಾಗರ

ಉತ್ತರ: ನೋಡಲು ಅವಳಿಗಳಂತಿದ್ದರೂ ಕಿಟಕಿಯದು ಬೆಳೆದ ಚಿತ್ತಾರ, ಬಾಗಿಲಿನದು ಕಿತ್ತು ಮಾಡಿದ ಚಿತ್ತಾರ.

ಒಂದೇ ಪದರದ ಗಾಜಿನ ಕಿಟಕಿಯಲ್ಲಿ ಹೊರಗಿನ ಕಡುಚಳಿಯಿಂದ ಗಾಜಿನ ಒಳಮೈಯೂ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ, ಕೋಣೆಯ ಗಾಳಿಯಲ್ಲಿರುವ ನೀರಾವಿಯು ಅನೇಕ ವೇಳೆ ನೀರಾಗದೆ ನೇರವಾಗಿ ಮಂಜುಗಡ್ಡೆಯ ಹರಳಾಗಿ ಅಲ್ಲಿ ಕೂರುತ್ತದೆ. ಹರಳು ಮೊದಲು ಹುಟ್ಟುವುದು ಗೀರಿನಲ್ಲಿ, ಧೂಳಿನ ಕಣದ ಮೇಲೆ, ಒರೆಸಿದ ಬಟ್ಟೆ ಬಿಟ್ಟುಹೋದ ಗೆರೆಯಲ್ಲಿ. ಮುಂದಕ್ಕೆ ಚಾಚಿದ ತುದಿಗೆ ಹೆಚ್ಚು ನೀರಾವಿ ಸಿಗುವುದರಿಂದ ಅದು ಇನ್ನಷ್ಟು ಬೇಗ ಬೆಳೆಯುತ್ತದೆ, ಅದರ ಪಕ್ಕದಿಂದ ಕವಲು ಒಡೆಯುತ್ತದೆ, ಆ ಕವಲಿಗೂ ಮರಿಗವಲು. ಆಕಾಶದಿಂದ ಉದುರುವ ಹಿಮದ ಹರಳು ಆರು ಕವಲುಗಳ ಶಿಸ್ತನ್ನು ಪಾಲಿಸಿದರೆ, ಗಾಜಿಗೆ ಅಂಟಿದ್ದು ಗೀರಿನ ದಾರಿ ಹಿಡಿದು ಬಾಗುತ್ತದೆ. ನನಗೆ ಈ ಬಾಗೇ ಹೆಚ್ಚು ಚೆಲುವಾಗಿ ಕಾಣುತ್ತದೆ. 1885ರಲ್ಲಿ ಹಿಮದ ಹರಳಿನ ಫೋಟೋ ತೆಗೆದ ಅಮೆರಿಕದ ವರ್ಮಾಂಟ್ ರಾಜ್ಯದ ರೈತ ವಿಲ್ಸನ್ ಬೆಂಟ್ಲಿಯವರು ಕಿಟಕಿಯ ಹಿಮವನ್ನೂ ಅಕ್ಕರೆಯಿಂದ ಚಿತ್ರೀಕರಿಸಿದ್ದರು. ಎರಡು ಪದರದ ಗಾಜು ಬಂದ ಮೇಲೆ ಒಳಮೈ ಅಷ್ಟು ತಣ್ಣಗಾಗದ ಕಾರಣ, ಹೊಸ ಮನೆಗಳಲ್ಲಿ ಈ ನೋಟ ಅಪರೂಪ.

ಬಾಗಿಲಿನ ಗಾಜು ಬಹುಶಃ ಗ್ಲೂ ಚಿಪ್ ಎಂಬ ಬಗೆಯದು. ಮರಳನ್ನು ರಭಸದಿಂದ ಚಿಮ್ಮಿಸಿ ಗಾಜಿನ ಮೈಯನ್ನು ತರಿತರಿಯಾಗಿಸಿ, ಪ್ರಾಣಿಗಳ ಚರ್ಮದಿಂದ ತೆಗೆದ ಅಂಟನ್ನು ಬಿಸಿಯಾಗಿ ಬಳಿಯುತ್ತಾರೆ. ಒಣಗುತ್ತ ಕುಗ್ಗುವ ಅಂಟು ಹಿಡಿದ ಪಟ್ಟು ಬಿಡುವುದಿಲ್ಲ. ಚಟಪಟ ಸದ್ದಿನೊಂದಿಗೆ ಗಾಜಿನ ತೆಳು ಚಕ್ಕೆಗಳನ್ನೇ ಕಿತ್ತುಕೊಂಡು ಮೇಲೇಳುತ್ತದೆ. ಅದು ಕಿತ್ತ ಗುರುತೇ ನೀವು ಕಂಡ ಜರಿಎಲೆ. ಕುಶಲಕರ್ಮಿ ಅಂಟಿನ ದಪ್ಪವನ್ನೂ ಒಣಗುವ ವೇಗವನ್ನೂ ಹದದಲ್ಲಿಡಬಲ್ಲನೇ ಹೊರತು ಎಲೆಗಳನ್ನು ತಾನೇ ಬಿಡಿಸಲಾರ. ಆದ್ದರಿಂದ ಒಂದು ಗಾಜಿನಂತೆ ಇನ್ನೊಂದು ಇರುವುದಿಲ್ಲ.

ಬೆಳೆಯುವ ಚಿತ್ತಾರವನ್ನು ನೀವು ಸಾಗರದಲ್ಲೇ ನೋಡಬಹುದು. ಎಪ್ಸಮ್ ಉಪ್ಪನ್ನು (ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್) ಬಿಸಿನೀರಿನಲ್ಲಿ ಕರಗುವಷ್ಟೂ ಕರಗಿಸಿ, ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಒಂದೆರಡು ಹನಿ ಸೇರಿಸಿ, ಗಾಜಿನ ಮೇಲೆ ತೆಳ್ಳಗೆ ಸವರಿ. ಮಳೆಗಾಲವಾದರೆ ಒಣಗಲು ಹೊತ್ತು ಹಿಡಿಯುತ್ತದೆ. ಬಿಸಿಲಿನ ದಿನ ಭೂತಗನ್ನಡಿ ಹಿಡಿದು ಕುಳಿತರೆ, ಸೂಜಿಯಂಥ ಹರಳುಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದು ಕಾಣುತ್ತದೆ. ಬೇಡವೆನಿಸಿದಾಗ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು.